ತಿಪ್ಪೆಗೆ ಬಿದ್ದ ಕಬ್ಬಿನ ಬಾಟಲಿ

ನನ್ನ ಹೊಟ್ಟೆಕಿಚ್ಚಿಗೆ ಒಂದು ಖಾಲಿ ಬಾಟಲಿ ಕಾರಣ ಎಂದರೆ ಊರವರು ನಗುತ್ತಾರೆ. ನಗಲಿ. ಅವರ ಅಂಗಡಿಯ ಎದುರಿಗೆ ಅವರ ನೆಗೆಣ್ಣಿ ಅಂಗಡಿ ಹಾಕಿಕೊಂಡು ಕೂತಿಲ್ಲ.

ಅಮೀನಗಡದ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ನಮ್ಮದು ಗೋಲಿ ಸೋಡಾದ ಅಂಗಡಿ. ಮಾವ ಹಾಕಿದ್ದು. ಅವರ ಕಾಲದ ಮಷೀನೇ ಇನ್ನೂ ಒಳಗೆ ಗಡಗಡ ತಿರುಗುತ್ತದೆ. ಗಂಡ ಒಳಗೆ ಗ್ಯಾಸು ತುಂಬುತ್ತಾನೆ, ನಾನು ಮುಂದೆ ನಿಂತು ಗೋಲಿ ಒತ್ತಿ ಕೊಡುತ್ತೇನೆ. ಗಿರಾಕಿ ಅಲ್ಲೇ ನಿಂತು ಕುಡಿಯಬೇಕು, ಬಾಟಲಿ ಅಲ್ಲೇ ಇಟ್ಟು ಹೋಗಬೇಕು. ಹುನಗುಂದದ ಬಸ್ಸು ಹಾರ್ನು ಹೊಡೆಯುತ್ತಿದ್ದರೂ ನಾನು ಬಾಟಲಿ ಬಿಟ್ಟುಕೊಡುವವಳಲ್ಲ. "ಕುಡದು ಬಾಟ್ಲಿ ಇಲ್ಲೇ ಇಟ್ಟ ಹೋಗ್ರಿ" ಎನ್ನುವುದು ಮಾವ ನನಗೆ ಕಲಿಸಿದ ಮೊದಲ ವ್ಯಾಪಾರದ ಮಾತು. ನನ್ನ ಮದುವೆಗೆ ಮೊದಲಿನ ಬಾಟಲಿಗಳು ಇವತ್ತಿಗೂ ತೊಳೆಸಿಕೊಂಡು, ತುಂಬಿಸಿಕೊಂಡು ಓಡಾಡುತ್ತಿವೆ.

ರಸ್ತೆಯ ಆಚೆ, ಸರಿಯಾಗಿ ನನ್ನ ಮುಖಕ್ಕೆ ಎದುರಾಗಿ, ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಅಂಗಡಿ. ಮೊದಲು ಅಲ್ಲಿ ಕರದಂಟು, ಬಿಸ್ಕತ್ತು, ಚಹಾ ಇಷ್ಟೇ ಇತ್ತು. ಈಗ ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜು ಬಂದಿದೆ. ಅದರ ಮೈತುಂಬ ಹಸಿರು ಎಲೆಗಳ ಚಿತ್ರ. ಒಳಗೆ ಸಾಲುಗಟ್ಟಿದ ಬಾಟಲಿಗಳು ಹಗಲೆಲ್ಲ ದೀಪ ಹಚ್ಚಿಕೊಂಡು ನನ್ನನ್ನೇ ನೋಡುತ್ತವೆ. ಬಾದಾಮಿ, ಐಹೊಳೆ ನೋಡಿಕೊಂಡು ಬರುವ ಪ್ರವಾಸಿಗರು ಮೊದಲು ನನ್ನ ಹತ್ತಿರ ಬರುತ್ತಾರೆ. ಗೋಲಿ ಬಾಟಲಿ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಸಣ್ಣವರಿದ್ದಾಗ ಕುಡಿಯುತ್ತಿದ್ದೆವು ಎಂದು ಕಣ್ಣು ಅರಳಿಸುತ್ತಾರೆ. ಆಮೇಲೆ ರಸ್ತೆ ದಾಟಿ ಅವಳ ಬಾಟಲಿ ಕೊಂಡು ಬಸ್ಸು ಹತ್ತುತ್ತಾರೆ. ಫೋಟೊಕ್ಕೆ ನಾನು, ಬಾಯಾರಿಕೆಗೆ ಅವಳು.

ಇದನ್ನೂ ಸಹಿಸಿಕೊಂಡೇನು. ವ್ಯಾಪಾರ ಅಂದ ಮೇಲೆ ಇವತ್ತು ಅವರ ಕಡೆ, ನಾಳೆ ನಮ್ಮ ಕಡೆ. ನನ್ನ ಉರಿ ಅದಕ್ಕಿಂತ ಹಳೆಯದು. ಅದು ಅತ್ತೆಯ ಕೈಯದು.

ನನ್ನ ತವರು ಕೆರೂರು. ನಾನು ಇನ್ನೂ ಸಾಲಿಗೆ ಹೋಗುವ ಮೊದಲೇ ಅವ್ವ ತೀರಿಕೊಂಡಿದ್ದಳು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಸುಮ್ಮನೆ ಅಳು ಬಂತು, ಕಾರಣ ನನಗೇ ಗೊತ್ತಿರಲಿಲ್ಲ. ಅತ್ತೆ ಹಿಂದೆ ಬಂದು ಕೂತರು. ಏನೂ ಕೇಳಲಿಲ್ಲ. ಬೆನ್ನ ಮೇಲೆ ಕೈಯಿಟ್ಟು, ಕುರಿಮರಿಯ ಮೈ ಸವರುವ ಹಾಗೆ ಮೇಲಿಂದ ಕೆಳಗೆ ಸವರುತ್ತ, "ಅಳಬ್ಯಾಡ ಮಗಳ, ನಾ ಅದೇನಿ" ಎಂದರು. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ, ಬೀರಪ್ಪನ ಒಕ್ಕಲು. ಅವರ ಅಂಗೈ ಒರಟು. ರವಿಕೆಯ ಬಟ್ಟೆಗೆ ಅದು ಪರಪರ ತಾಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಅವ್ವನ ಕೈ ಹೇಗಿತ್ತೋ ನನಗೆ ಗೊತ್ತಿಲ್ಲ. ಹೀಗೇ ಇದ್ದಿರಬೇಕು ಎಂದುಕೊಂಡೆ.

ಕೆಲವು ವರ್ಷಗಳಾದ ಮೇಲೆ ಮುಧೋಳದ ಕಡೆಯಿಂದ ಮೈದುನನ ಹೆಂಡತಿ ಬಂದಳು. ಮಾತಿನ ಮಲ್ಲಿ. ನಕ್ಕರೆ ಓಣಿಯ ತುದಿಗೆ ಕೇಳಬೇಕು, ಅತ್ತರೂ ಹಾಗೇ. ಜ್ವರ ಬಂದರೆ ಯವ್ವಾ ಎಂದು ಮಲಗಿಬಿಡುವವಳು. ನಾನೋ, ಜ್ವರದಲ್ಲೂ ಬಾಟಲಿ ತೊಳೆಯುವವಳು. ಅತ್ತೆಯ ಕೈ ನಿಧಾನಕ್ಕೆ ಆ ಕಡೆ ಹೊರಳಿತು. ಯಾವ ದಿನ ಹೊರಳಿತು ಎಂದು ಹೇಳಲಾರೆ, ಆದರೆ ನನ್ನ ಬೆನ್ನು ಖಾಲಿಯಾಗಿದ್ದು ನನಗೆ ತಿಳಿಯಿತು.

ಅಣ್ಣತಮ್ಮಂದಿರು ಬೇರೆಯಾದಾಗ ಮನೆ ನಡುವೆ ಗೋಡೆ ಎದ್ದಿತು, ಎಮ್ಮೆ ಕುರಿ ಪಾಲಾದವು, ಅತ್ತೆ ಮೈದುನನ ಪಾಲಿಗೆ ಹೋದರು. ಹೋದರು ಅನ್ನುವುದೇಕೆ, ತಾವೇ ಆರಿಸಿಕೊಂಡರು. "ಸಣ್ಣಾಕಿಗೆ ಏನೂ ತಿಳಿಯಂಗಿಲ್ಲ, ಅಕಿ ಕೂಡ ಇರ್ತೇನಿ" ಎಂದರು. ಪಾಲಾಗದೆ ಉಳಿದದ್ದು ಹಿತ್ತಲ ತಿಪ್ಪೆ ಮತ್ತು ಅದರ ಗೊಬ್ಬರ ಹೋಗುವ ಹೆಸರುಕಾಳಿನ ಹೊಲ. ತಿಪ್ಪೆ ಎಂದರೆ ಲಕ್ಷ್ಮಿ, ಅದನ್ನು ಒಡೆಯಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಎರಡು ಮನೆಯ ಸಗಣಿ, ಎರಡು ಮನೆಯ ಕುರಿ ಹಿಕ್ಕೆ, ಒಲೆಯ ಬೂದಿ ಎಲ್ಲ ಒಂದೇ ಗುಂಡಿಗೆ. ದೀಪಾವಳಿಗೆ ಅದರ ಮೇಲೆ ಒಂದು ದೀಪ. ಗಂಡಂದಿರು ಮಾತು ಬಿಟ್ಟ ದಿನಗಳಲ್ಲೂ ನಾವಿಬ್ಬರು ಹೆಂಗಸರು ಬುಟ್ಟಿ ಹೊತ್ತುಕೊಂಡು ಅಲ್ಲಿ ಮುಖಾಮುಖಿ ಆಗಲೇಬೇಕಿತ್ತು.

ಇಂಥ ಅತ್ತೆಯ ಮನೆಗೆ ಪ್ಲಾಸ್ಟಿಕ್ ಬಾಟಲಿ ಬಂದದ್ದಾದರೂ ಹೇಗೆ ಎಂಬುದೇ ಸೋಜಿಗ. ಹಿಂದೊಮ್ಮೆ ಕರು ಹಾಕಿದ ಎಮ್ಮೆ ಕ್ಯಾರಿಬ್ಯಾಗು ತಿಂದು, ಹೊಟ್ಟೆ ಉಬ್ಬಿ, ದವಾಖಾನೆಯ ಡಾಕ್ಟರು ಬರುವುದರೊಳಗೆ ಸತ್ತಿತ್ತು. ಅಂದಿನಿಂದ ಅತ್ತೆ ಬೀರಪ್ಪನ ಆಣೆ ಇಟ್ಟಿದ್ದರು, ಈ ಮನೆಯವರು ಪ್ಲಾಸ್ಟಿಕ್ ಮಾರಬಾರದು ಎಂದು. ಊರಲ್ಲಿ ಎಲ್ಲರೂ ಬಾಟಲಿಯ ಪಾನೀಯ ಮಾರುವಾಗ ನೆಗೆಣ್ಣಿ ಮಾರುವಂತಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ಆಣೆ ನನಗೆ ಬಹಳ ಇಷ್ಟವಾಗಿತ್ತು. ಅದು ನನ್ನ ಅಂಗಡಿಯ ಕಾವಲು ನಾಯಿ.

ಈಗೊಂದೆರಡು ವರ್ಷದ ಕೆಳಗೆ ಬಾಗಲಕೋಟೆಯಿಂದ ಪಾನೀಯದ ಕಂಪನಿಯ ಮನುಷ್ಯನೊಬ್ಬ ಬೈಕಿನಲ್ಲಿ ಬಂದ. ಅಚ್ಚುಕಟ್ಟಾಗಿ ಅಂಗಿ ಒಳಗೆ ಸೇರಿಸಿದ ಸಭ್ಯ ಹುಡುಗ. ಕಂಪನಿಗಳೆಲ್ಲ ನಿಧಾನಕ್ಕೆ ಗಿಡದಿಂದ ಮಾಡಿದ ಬಾಟಲಿಗೆ ಬದಲಾಗುತ್ತಿವೆ, ನಮ್ಮದೂ ಬದಲಾಗಿದೆ, ಕಬ್ಬಿನಿಂದ ಮಾಡುತ್ತಾರೆ ಎಂದು ಅವಳಿಗೆ ಹೇಳಿದ. ಅವಳಿಗೆ ಅಷ್ಟೇ ಸಾಕಾಯಿತು. ಒಂದು ಖಾಲಿ ಬಾಟಲಿ ಇಸಕೊಂಡು ಮನೆಗೆ ಓಡಿದಳು. ನಾನು ಆಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ; ಮೋಟುಗೋಡೆಯ ಆಚೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಅತ್ತಿ, ಇದು ಪ್ಲಾಸ್ಟಿಕ್ ಅಲ್ಲ. ಕಬ್ಬಿಂದ ಮಾಡಿದ್ದು. ನಮ್ಮಪ್ಪನ ಹೊಲದಾಗ ಬೆಳಿತಾನಲ್ಲ, ಹಂತಾ ಕಬ್ಬು!"

ಅತ್ತೆ ಬಾಟಲಿಯನ್ನು ತಿರುವಿ ನೋಡಿದರು, ಎಲೆಯ ಚಿತ್ರದ ಮೇಲೆ ಬೆರಳಾಡಿಸಿದರು, ಮುಚ್ಚಳ ತೆಗೆದು ಮೂಸಿದರು. "ಹೌದು ನೋಡ. ಬೆಲ್ಲದ ವಾಸನಿ ಬರಾಕತ್ತೇತಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಒಳಗ ಸಕ್ರಿ ನೀರಿತ್ತು. ಅದು ಅದರ ವಾಸನಿ" ಎಂದೆ.

ಅತ್ತೆ ಗೋಡೆಯ ಕಡೆ ತಿರುಗಿ ನನ್ನನ್ನು ನೋಡಿದರು. "ಅಕಿ ಒಂದ ಹೊಸಾದು ಮಾಡಿದ್ರ ನಿನ್ನ ಹೊಟ್ಟಿ ಯಾಕ ಉರಿತೇತಿ?"

ಉರಿಯುತ್ತಿತ್ತು, ನಿಜ. ಆದರೆ ಸಕ್ಕರೆ ನೀರಿನ ಮಾತೂ ನಿಜವೇ ಆಗಿತ್ತು. ಹೊಟ್ಟೆ ಉರಿದವಳ ಬಾಯಲ್ಲಿ ಬಂದ ನಿಜಕ್ಕೆ ಬೆಲೆ ಇಲ್ಲ ಎಂದು ನನಗೆ ಮೊದಲು ಗೊತ್ತಾದದ್ದು ಅವತ್ತು.

ಫ್ರಿಜ್ಜು ಬಂತು. ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅವಳು ಅದರ ಮುಂದೆ ನಿಂತು ಮೊಬೈಲಿನಲ್ಲಿ ಸ್ಟೇಟಸ್ ಹಾಕಿದಳು. ಬಂದ ಗಿರಾಕಿಗೆಲ್ಲ "ನಮ್ಮ ಕಬ್ಬಿನ ಬಾಟ್ಲಿ ರೀ" ಎಂದು ಹೇಳುತ್ತಿದ್ದಳು. ಕಂಪನಿಯೇ ಅವಳ ಅಪ್ಪನದೇನೋ ಎಂಬಂತೆ! ಬಿಸಿಲು ಏರಿದಂತೆ ವ್ಯಾಪಾರವೂ ಏರಿತು, ಖಾಲಿ ಬಾಟಲಿಗಳು ಅಂಗಡಿಯ ಮುಂದೆ ಗುಡ್ಡೆ ಬಿದ್ದವು. ಏನು ಮಾಡುವುದು ಎಂದು ಅವಳು ಕೇಳಿದಾಗ ಅತ್ತೆಯೇ ಹೇಳಿದರು, "ಕಬ್ಬಿನ ರವದಿ ಎಲ್ಲಿ ಹಾಕ್ತಾರ? ತಿಪ್ಪಿಗೆ. ಇದನ್ನೂ ಅಲ್ಲೇ ಹಾಕು. ಕಳೀತೇತಿ."

ರವದಿ ಎಂದರೆ ಕಬ್ಬಿನ ಒಣ ಗರಿ. ಅದು ಕಳಿಯುತ್ತದೆ, ಸಗಣಿಯ ಜೊತೆ ಸೇರಿ ಕರಗಿ ಗೊಬ್ಬರವಾಗುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತಿಪ್ಪೆಯ ಲೆಕ್ಕ ಬಲು ಸರಳ: ನೆಲದಿಂದ ಬಂದದ್ದು ನೆಲಕ್ಕೆ. ಬಾಟಲಿ ಕಬ್ಬಿನಿಂದ ಬಂದಿದ್ದರೆ ಅದೂ ನೆಲದ ಕೂಸೇ ತಾನೆ. ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಬುಟ್ಟಿಗಟ್ಟಲೆ ಬಾಟಲಿ ಗುಂಡಿಗೆ ಬಿದ್ದವು, ಮೇಲೆ ಸಗಣಿ ಬಿತ್ತು, ಅದರ ಮೇಲೆ ಮತ್ತೆ ಬಾಟಲಿ.

ನನಗೆ ನಂಬಿಕೆ ಬರಲಿಲ್ಲ. ನಂಬಿಕೆ ಬರುವುದು ನನಗೆ ಬೇಕಾಗಿಯೂ ಇರಲಿಲ್ಲ. ಅವಳದೊಂದು ಬಾಟಲಿ ಎತ್ತಿಕೊಂಡು ಬಂದು, ನಮ್ಮ ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಪಕ್ಕದಲ್ಲೇ ಕಬ್ಬಿನ ಸಿಪ್ಪೆ ಒಂದು ಹಿಡಿ. ದಿನಾಲೂ ಪಾತ್ರೆ ತೊಳೆದ ನೀರು ಎರೆದೆ. ಮಳೆಗಾಲ ಕಳೆದ ಮೇಲೆ ಅಗೆದು ನೋಡಿದರೆ ಸಿಪ್ಪೆಯ ಸುಳಿವಿಲ್ಲ, ಮಣ್ಣಾಗಿದೆ. ಬಾಟಲಿ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ. ನನಗೆ ಆದ ಸಂತೋಷ ಹೇಳತೀರದು. ಕೈಕಾಲಿನ ಕೆಸರು ತೊಳೆಯದೆಯೇ ಅತ್ತೆಯ ಅಂಗಳಕ್ಕೆ ಓಡಿದೆ.

ಅತ್ತೆ ಬಾಟಲಿ ನೋಡಲಿಲ್ಲ, ನನ್ನ ಕೈಯ ಕೆಸರು ನೋಡಿದರು. "ಅಕಿ ತಪ್ಪ ಹುಡುಕಾಕ ಮಣ್ಣ ಅಗದೀಯೇನ?" ಎಂದರು. ನೆಗೆಣ್ಣಿ ಒಳಗಿಂದ ಬಂದು, "ಯಕ್ಕಾ, ತಿಪ್ಪ್ಯಾಗ ಕಾವ ಇರತೇತಿ. ಗಿಡದ ಬುಡಕ ಎಲ್ಲಿಂದ ಕಾವ ಬರಬೇಕು?" ಎಂದು ನಕ್ಕಳು. ಆ ನಗುವಿನಲ್ಲಿ ವಿಷ ಇರಲಿಲ್ಲ, ಅದೇ ನನಗೆ ಇನ್ನಷ್ಟು ವಿಷವಾಯಿತು.

ಕಂಪನಿಯ ಹುಡುಗ ಮತ್ತೆ ಬಂದ ದಿನ ನಾನೇ ಕರೆದು ಜೀರಿಗೆ ಸೋಡಾ ಕೊಟ್ಟು ಕೂರಿಸಿದೆ. ಈ ಬಾಟಲಿ ಮಣ್ಣಿನಲ್ಲಿ ಕಳಿಯುತ್ತದೆಯೇ ಎಂದು ನೇರವಾಗಿ ಕೇಳಿದೆ. ಅವನು ಏನೂ ಮುಚ್ಚಿಡಲಿಲ್ಲ.

"ಇಲ್ರೀ ಅಕ್ಕಾರ. ಮೊದಲ ನೆಲದಾಗಿನ ಎಣ್ಣಿಯಿಂದ ಮಾಡ್ತಿದ್ರು, ಈಗ ಒಂದಿಷ್ಟು ಕಬ್ಬಿಂದ ಮಾಡ್ತಾರ. ಎಣ್ಣಿ ಉಳಿತೇತಿ, ಅಷ್ಟ. ಆದ್ರ ಮಾಡಿದ ಮ್ಯಾಲೆ ಅದೂ ಪ್ಲಾಸ್ಟಿಕ್ಕ. ಅಳಿಯ ಅಲ್ಲ, ಮಗಳ ಗಂಡ ಅಂದಂಗ. ಬಾಟ್ಲಿ ಕೂಡಿಟ್ಟು ವಾಪಸ್ ಕೊಡಬೇಕ್ರಿ, ಕರಗಿಸಿ ಮತ್ತ ಬಾಟ್ಲಿ ಮಾಡ್ತಾರ."

"ಇದನ್ನ ಎದುರಿನ ಅಂಗಡ್ಯಾಕಿಗೆ ಹೇಳಿ ಹೋಗು" ಎಂದೆ. ಅವನು ಹೇಳುತ್ತೇನೆ ಎಂದ. ಅಷ್ಟರಲ್ಲಿ ಇಳಕಲ್ಲಿನಿಂದ ಫೋನು ಬಂತು, ಅಲ್ಲಿ ಯಾವುದೋ ಅಂಗಡಿಯ ಫ್ರಿಜ್ಜು ಕೆಟ್ಟಿತ್ತಂತೆ, ಹಾಗೇ ಗಾಡಿ ತಿರುಗಿಸಿಕೊಂಡು ಹೋದ. ಆಮೇಲೆ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಅತ್ತೆಗೆ ಹೇಳಿದೆ. ಅವಳಿಗೂ ಹೇಳಿದೆ. ಗಂಡನಿಂದ ಮೈದುನನಿಗೂ ಹೇಳಿಸಿದೆ.

"ಏಜೆನ್ಸಿ ಅಕೀದು. ಹೇಳೂದಿದ್ರ ಕಂಪನ್ಯಾವ ಅಕಿಗೆ ಹೇಳ್ತಿದ್ದ, ಸೋಡಾದಾಕಿಗೆ ಯಾಕ ಹೇಳ್ತಾನ?" ಎಂದರು ಅತ್ತೆ.

ಹಿತ್ತಲ ಗಿಡ ಮದ್ದಲ್ಲ. ಅದೂ ಹೊಟ್ಟೆಕಿಚ್ಚಿನ ನೀರು ಕುಡಿದು ಬೆಳೆದ ಗಿಡ, ಯಾರು ಮುಟ್ಟುತ್ತಾರೆ? ದೀಪಾವಳಿಯ ಸಂಜೆ ಅತ್ತೆ ತಿಪ್ಪೆಗೆ ದೀಪ ಇಟ್ಟರು. ಮೇಲೆ ಬಿದ್ದಿದ್ದ ಬಾಟಲಿಗಳಲ್ಲಿ ಆ ಬೆಳಕು ಮಿಣುಗುಟ್ಟಿತು. "ಎಷ್ಟ ಚಂದ ಹೊಳಿತಾವ" ಎಂದು ನೆಗೆಣ್ಣಿಯ ಬೆನ್ನ ಮೇಲೆ ಕೈಯಿಟ್ಟರು. ನಾನು ಪಕ್ಕದಲ್ಲೇ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದೆ. ಅವತ್ತಿನಿಂದ ನಾನು ಹೇಳುವುದನ್ನು ಬಿಟ್ಟೆ, ಕಾಯುವುದನ್ನು ಹಿಡಿದೆ. ನನಗೆ ಬೇಕಾಗಿದ್ದು ಬಹಳವೇನಲ್ಲ. ಬೇಸಿಗೆಯಲ್ಲಿ ಗೊಬ್ಬರ ತೆಗೆಯುವ ದಿನ ಅತ್ತೆ ನನ್ನ ಕಡೆ ತಿರುಗಿ "ನೀ ಖರೆ ಹೇಳಿದ್ದಿ ಮಗಳ" ಅನ್ನಬೇಕು. ಆ ಒರಟು ಕೈ ಒಂದು ಸಲ, ಒಂದೇ ಸಲ, ದಾರಿ ತಪ್ಪಿಯಾದರೂ ನನ್ನ ಬೆನ್ನಿಗೆ ಬರಬೇಕು.

ರೋಹಿಣಿ ಮಳೆ ಹತ್ತಿರ ಬಂತು. ಹೆಸರು ಬಿತ್ತುವ ಮೊದಲು ಹೊಲಕ್ಕೆ ಗೊಬ್ಬರ ಹೋಗಬೇಕು. ಟ್ರ್ಯಾಕ್ಟರ್ ಬಂದು ಹಿತ್ತಲಲ್ಲಿ ನಿಂತಿತು. ನಾನು ಅಂಗಡಿಯನ್ನು ಗಂಡನಿಗೆ ಬಿಟ್ಟು, ಹಬ್ಬಕ್ಕೆ ಹೊರಟವಳಂತೆ ತಲೆ ಬಾಚಿಕೊಂಡು ಬಂದು ನಿಂತೆ. ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ.

ಮೇಲಿನ ಪದರ ತೆಗೆಯುತ್ತಲೇ ಸಲಿಕೆಗೆ ಕಟಕಟ ಸದ್ದು ಬಂತು. ಚಹಾಪುಡಿಯಂತೆ ಉದುರುವ ಕಪ್ಪು ಗೊಬ್ಬರ, ಅದರ ತುಂಬ ಬಾಟಲಿ. ಒಂದೂ ಕಳಿತಿರಲಿಲ್ಲ. ಕೆಲವು ಕಾವಿಗೆ ಸೊಟ್ಟಗಾಗಿದ್ದವು ಅಷ್ಟೆ. ಮುಚ್ಚಳ ಹಾಗೇ ಇತ್ತು, ಎಲೆಯ ಚಿತ್ರದ ಹಸಿರೂ ಹಾಗೇ ಇತ್ತು. ಅಗೆದಷ್ಟೂ ಬಂದವು. ಟ್ರ್ಯಾಕ್ಟರಿನವನು ಕೆಳಗಿಳಿದು ಬಂದು ಬಗ್ಗಿ ನೋಡಿದ.

"ಯಮ್ಮಾ, ಇದನ್ನ ಹೊಲಕ ಹಾಕಿದ್ರ ಮುಗೀತು. ಕುಂಟಿ ಹೊಡ್ಯಾಕ ಬರಂಗಿಲ್ಲ, ಬೆಳಿ ಬೇರ ಬಿಡಂಗಿಲ್ಲ. ಎಲ್ಲಾ ಆರಿಸಿ ಕೊಡ್ರಿ, ಆಮ್ಯಾಲೆ ತುಂಬ್ತೇನಿ."

ಆರಿಸಿದ ಬಾಟಲಿಗಳು ಆಮೇಲೆ ಗುಜರಿಯವನ ಗಾಡಿಯಲ್ಲಿ ಬಾಗಲಕೋಟೆಗೆ ಹೋದವು. ಅಂದಿನಿಂದ ಅವಳ ಅಂಗಡಿಯ ಮುಂದೆ ಒಂದು ಗೋಣಿಚೀಲ ತೂಗುಬಿದ್ದಿದೆ. ಬಸ್ಸು ಹತ್ತುವವರನ್ನು ತಡೆದು, "ಕುಡದು ಬಾಟ್ಲಿ ಇಲ್ಲೇ ಇಟ್ಟ ಹೋಗ್ರಿ" ಎನ್ನುತ್ತಾಳೆ. ನನ್ನ ಮಾವ ನನಗೆ ಕಲಿಸಿದ ಮಾತು! ಪಂಚಾಯ್ತಿಯವರು ಬಂದು ಎಂಥ ಒಳ್ಳೆ ವಿಚಾರ ಎಂದು ಅವಳನ್ನು ಹೊಗಳಿ, ಚೀಲದ ಜೊತೆ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದರು. ಮಾವನ ಕಾಲದಿಂದ ಅದೇ ಮಾತು ಕೂಗುತ್ತಿರುವ ನನ್ನನ್ನು ಗಯ್ಯಾಳಿ ಎಂದವರೂ ಇದೇ ಊರವರೇ. ಇರಲಿ, ಚೀಲದ ಉರಿ ಬೇರೆ. ತಿಪ್ಪೆಯ ಮುಂದಿನ ಆ ದಿನಕ್ಕೆ ಬರುತ್ತೇನೆ.

ಅತ್ತೆ ಕಲ್ಲಿನ ಮೇಲೆ ಕೂತಿದ್ದರು. ನೆಗೆಣ್ಣಿ ಬುಟ್ಟಿ ಹಿಡಿದುಕೊಂಡು ಬಂದಳು, ಗುಂಡಿ ನೋಡಿದಳು. ಒಂದು ಬಾಟಲಿ ಎತ್ತಿ ಸೆರಗಿನಿಂದ ಒರೆಸಿದಳು, ಹಿಚುಕಿ ನೋಡಿದಳು. ಆಮೇಲೆ ಅಲ್ಲೇ, ಗೊಬ್ಬರದ ಮೇಲೆ, ಕುಸಿದು ಕೂತು ಅತ್ತಳು.

"ನಮ್ಮಪ್ಪಗ ಫೋನ್ ಹಚ್ಚಿ ಹೇಳಿದ್ದೆ, ನಿನ್ನ ಕಬ್ಬ ಬಾಟ್ಲಿ ಆಗಿ ನಮ್ಮೂರಿಗೆ ಬಂದೇತಿ, ನಮ್ಮ ಹೊಲಕ ಗೊಬ್ಬರ ಆಗತೇತಿ ಅಂತ. ಲಕ್ಷ್ಮೀನ್ನ ಹೊಲಸ ಮಾಡಿದ್ನಲ್ಲೋ ಯವ್ವಾ..."

ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಕನಿಕರದಿಂದಲ್ಲ. ಅತ್ತೆ ಎದ್ದು ನಿಂತಿದ್ದರು. ಮಂಡಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ತಿಪ್ಪೆ ಹತ್ತಿ ಅವಳ ಹಿಂದೆ ಹೋಗಿ ಕೂತರು. ಬೆನ್ನ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ ಸವರಿದರು.

"ಅಳಬ್ಯಾಡ ಮಗಳ, ನಾ ಅದೇನಿ. ಹಾಕು ಅಂದಾಕಿ ನಾ. ನಿಂದೇನ ತಪ್ಪು?"

ಅದೇ ಮಾತು. ಅದೇ ಕೈ. ನಾನು ನಿಂತಲ್ಲೇ ನಿಂತಿದ್ದೆ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ನಾ ಹೇಳಿದ್ನಲ್ಲ ಅತ್ತಿ."

ಅತ್ತೆ ತಲೆ ಎತ್ತಿ ನೋಡಿದರು. ಕೈ ಅವಳ ಬೆನ್ನ ಮೇಲೇ ಇತ್ತು. "ಹೌದವ್ವ, ಹೇಳಿದ್ದಿ. ಖರೆನ ಹೇಳಿದ್ದಿ" ಎಂದರು.

ಇಷ್ಟು ದಿನ ಕಾದಿದ್ದ ಮಾತು ಬಂದೇ ಬಿಟ್ಟಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ ಎಂದು ಕಾಣುತ್ತದೆ. ಅತ್ತೆ ಪಕ್ಕದಲ್ಲಿದ್ದ ಖಾಲಿ ಬುಟ್ಟಿಯನ್ನು ನನ್ನ ಕಡೆ ನೂಕಿದರು.

"ನಿನಗೇನವ್ವ, ನೀ ಗಟ್ಟಿ. ಹಿಡಿ, ಆರಸಾಕ ಹತ್ತು. ಇಕಿನ್ನ ಒಂದೀಟ ಸಮಾಧಾನ ಮಾಡ್ತೇನಿ."

ನಾನು ಬುಟ್ಟಿ ತೆಗೆದುಕೊಂಡು ಬಗ್ಗಿದೆ. ಗೊಬ್ಬರದೊಳಗಿಂದ ಬಾಟಲಿಗಳನ್ನು ಒಂದೊಂದಾಗಿ ಕಿತ್ತು ತುಂಬತೊಡಗಿದೆ. ಹಿಂದೆ ಅವಳ ಬಿಕ್ಕು ಕಡಿಮೆಯಾಗುತ್ತ ಬಂತು, ರವಿಕೆಯ ಮೇಲೆ ಅಂಗೈ ಪರಪರ ಓಡಾಡುವುದು ಕೇಳುತ್ತಿತ್ತು. ಆ ತಪ್ಪು ನನ್ನದಾಗಬಾರದಿತ್ತೇ ಎಂದು ನನ್ನ ಹೊಟ್ಟೆ ಉರಿಯಿತು.